ಉಣ್ಣೆಯ ಜಿಡ್ಡು

ಕುರಿಯ ಮೈಯನ್ನು ಒಮ್ಮೆಯಾದರೂ ಕೈಯಿಂದ ಸವರಿದವರು ಅಂಗೈಗೆ ಅಂಟುವ ಜಿಡ್ಡನ್ನು ಮರೆಯಲಾರರು. ಅದರ ವಾಸನೆಯೂ ಬೇಗನೆ ಬಿಡುವಂಥದಲ್ಲ. ಚಳಿಗಾಲದಲ್ಲಿ ತುಟಿ ಸೀಳಿ ಹಿಮ್ಮಡಿ ಒಡೆದಾಗ ಬೆರಳ ತುದಿಯಿಂದ ತೆಗೆದು ಹಚ್ಚಿಕೊಳ್ಳುವ ಬಿಳಿಯ ನುಣುಪಾದ ಸುಗಂಧಲೇಪನಗಳಲ್ಲಿ ಅನೇಕವು ಇದೇ ಜಿಡ್ಡನ್ನು ಒಳಗೊಂಡಿವೆಯೆಂದರೆ ನಂಬುವವರು ಕಡಮೆ. ಡಬ್ಬಿಯ ಮೇಲೆ ಅದಕ್ಕೆ ಲ್ಯಾನೊಲಿನ್ ಎಂಬ ಹೆಸರಿರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಲಾನ’ ಎಂದರೆ ಉಣ್ಣೆ, ‘ಓಲಿಯಂ’ ಎಂದರೆ ಎಣ್ಣೆ; ಎರಡನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ಹೆಸರು ಹುಟ್ಟಿ ಇನ್ನೂ ಒಂದೂವರೆ ಶತಮಾನ ತುಂಬಿಲ್ಲ; ಪದಾರ್ಥವನ್ನಾದರೋ ಮನುಷ್ಯರು ಎರಡು ಸಾವಿರ ವರ್ಷಗಳಿಂದ ಬಲ್ಲರು.

ಮೃಗದ ಮೈಯ ಕೊಳೆಯನ್ನು ಮನುಷ್ಯನ ಮೈಗೆ ಹಚ್ಚಬಹುದೆ, ಹಚ್ಚಿದರೆ ಕೇಡಿಲ್ಲವೆ, ಎಂಬ ಪ್ರಶ್ನೆ ಇದರ ಚರಿತ್ರೆಯುದ್ದಕ್ಕೂ ಕೇಳಿಬರುತ್ತದೆ. ಉತ್ತರವು ಕಾಲಕಾಲಕ್ಕೆ ಬೇರೆಬೇರೆಯಾಗಿದೆ. ಹಾಗೆ ಬೇರೆಯಾದುದಕ್ಕೆ ಕಾರಣವನ್ನು ಹುಡುಕಹೊರಟರೆ ಅದು ಬಹುಮಟ್ಟಿಗೆ ಜಿಡ್ಡನ್ನು ತೊಳೆದ ಬಗೆಯಲ್ಲಿಯೇ ದೊರೆಯುತ್ತದೆ.

ಕುರಿಯ ಚರ್ಮದಲ್ಲಿ ಕೂದಲಿನ ಬುಡಕ್ಕೆ ಸೇರಿದ ಸಣ್ಣ ಗ್ರಂಥಿಗಳು ಈ ಜಿಡ್ಡನ್ನು ಸ್ರವಿಸುತ್ತವೆ. ಅದು ಎಳೆಯೆಳೆಗೂ ಹತ್ತಿಕೊಂಡು ಮಳೆಯ ನೀರನ್ನು ತಡೆಯುತ್ತದೆ, ಉಣ್ಣೆ ಒಣಗಿ ಮುರಿಯದಂತೆ ಕಾಯುತ್ತದೆ. ಬೆವರಿನಿಂದ ಬಂದ ಲವಣಗಳೂ ಧೂಳೂ ಹುಲ್ಲಿನ ಚೂರೂ ಇದರೊಡನೆ ಬೆರೆತಿರುತ್ತವೆ. ಮೆರಿನೊ ಎಂಬ ಸಣ್ಣೆಳೆಯ ಉಣ್ಣೆಯ ಜಾತಿಯಲ್ಲಿ ಜಿಡ್ಡು ಹೇರಳ. ಕತ್ತರಿಸಿ ತೆಗೆದ ತುಪ್ಪಟದ ತೂಕದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಭಾಗವನ್ನು ಅದೇ ಆಕ್ರಮಿಸಿರುವುದುಂಟು. ಒಂದು ಮೆರಿನೊ ಕುರಿಯಿಂದ ವರ್ಷಕ್ಕೆ ಸುಮಾರು ಕಾಲು ಲೀಟರು ಜಿಡ್ಡು ಸಿಕ್ಕುತ್ತದೆ. ನಮ್ಮ ದಖ್ಖನಿನ ಕುರಿಗಳದು ಒರಟಾದ, ಕೂದಲಿನಂಥ ಉಣ್ಣೆ. ಅದರಲ್ಲಿ ಜಿಡ್ಡು ಸ್ವಲ್ಪವೇ. ಚಳ್ಳಕೆರೆಯ ಕಡೆಯ ಕಂಬಳಿ ಮಳೆಗೆ ಜಗ್ಗದೆ ನಿಲ್ಲುವುದಕ್ಕೆ ನೇಯ್ದ ಮೇಲೆ ಬಳಿಯುವ ಹುಣಸೆಬೀಜದ ಸರಿಯೂ ನೆರವಾಗುತ್ತದೆ. ಈ ಜಿಡ್ಡಿನ ಕಥೆ ಕುರುಬರ ಹಟ್ಟಿಗಳಲ್ಲಿ ಬೆಳೆಯದೆ ಗ್ರೀಸ್ ದೇಶದಲ್ಲಿಯೂ ಯೂರೋಪಿನ ಗಿರಣಿಯ ಊರುಗಳಲ್ಲಿಯೂ ಬೆಳೆದುದಕ್ಕೆ ಕುರಿಯ ಜಾತಿಯೂ ಒಂದು ಕಾರಣವೆನ್ನಬೇಕು.

ಇದನ್ನು ಕೊಬ್ಬೆಂದು ಕರೆಯುವುದು ರೂಢಿಯಾದರೂ ರಸಾಯನ ಶಾಸ್ತ್ರದ ದೃಷ್ಟಿಯಿಂದ ಇದು ಮೇಣದ ಜಾತಿಗೆ ಸೇರಿದುದು. ತುಪ್ಪ, ಎಳ್ಳೆಣ್ಣೆ, ಹಂದಿಯ ಕೊಬ್ಬು ಇವೆಲ್ಲ ಗ್ಲಿಸರಿನ್ನಿನೊಡನೆ ಕೂಡಿದ ಆಮ್ಲಗಳು. ಉಣ್ಣೆಯ ಜಿಡ್ಡಿನಲ್ಲಿ ಗ್ಲಿಸರಿನ್ನಿನ ಸ್ಥಾನವನ್ನು ಕೊಲೆಸ್ಟರಾಲ್ ಮೊದಲಾದ ಬೇರೆ ದ್ರವ್ಯಗಳು ಹಿಡಿದಿವೆ. ಆದಕಾರಣ ಇದು ಬೇಗನೆ ಕಮಟುವುದಿಲ್ಲ. ಇನ್ನೊಂದು ವಿಚಿತ್ರವಾದ ಗುಣವೂ ಇದಕ್ಕುಂಟು: ತಾನು ಜಿಡ್ಡಾಗಿದ್ದರೂ ತನ್ನ ತೂಕದಷ್ಟು, ಅದಕ್ಕಿಂತಲೂ ಹೆಚ್ಚು, ನೀರನ್ನು ಒಳಗೆ ಸೇರಿಸಿಕೊಂಡು ಹಿಡಿದಿಡಬಲ್ಲುದು.

ಗ್ರೀಕರು ಇದನ್ನು ಓಯ್ಸಿಪೋಸ್ ಎಂದು ಕರೆದರು. ರೋಮನರ ಬಾಯಿಯಲ್ಲಿ ಅದು ಈಸಿಪಂ ಆಯಿತು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿದ್ದ ಡಯಾಸ್ಕೊರಿಡೀಸ್ ಎಂಬ ವೈದ್ಯನು ಔಷಧದ್ರವ್ಯಗಳನ್ನು ಕುರಿತು ಐದು ಭಾಗಗಳ ಗ್ರಂಥವೊಂದನ್ನು ಗ್ರೀಕ್ ಭಾಷೆಯಲ್ಲಿ ರಚಿಸಿದನು. ಯೂರೋಪಿನಲ್ಲಿಯೂ ಅರಬರಲ್ಲಿಯೂ ಸಾವಿರದೈನೂರು ವರ್ಷ ಆ ಗ್ರಂಥವೇ ಪ್ರಮಾಣವಾಗಿತ್ತು. ಅದರ ಎರಡನೆಯ ಭಾಗದಲ್ಲಿ ಉಣ್ಣೆಯಿಂದ ಜಿಡ್ಡನ್ನು ತೆಗೆಯುವ ಕ್ರಮವನ್ನು ಅವನು ವಿವರಿಸಿರುವ ರೀತಿಯನ್ನು ನೋಡಿದರೆ ಪಕ್ಕದಲ್ಲಿ ನಿಂತು ಕೆಲಸವನ್ನು ಕಂಡವನು ಬರೆದಂತೆ ತೋರುತ್ತದೆ. ತೊಳೆಯದ, ಮೆತ್ತನೆಯ, ಜಿಡ್ಡು ತುಂಬಿದ ಉಣ್ಣೆಯನ್ನು ಆರಿಸಿಕೊಂಡು ಬಿಸಿನೀರಿನಲ್ಲಿ ತೊಳೆದು ಹಿಂಡಬೇಕು. ಹಿಂಡಿ ಬಂದ ಕೊಳೆನೀರನ್ನು ಅಗಲಬಾಯಿಯ ಪಾತ್ರೆಗೆ ಸುರಿದು, ಮೊಗೆಯುತ್ತ ಮೇಲಿನಿಂದ ಬಲವಾಗಿ ಹೊಯ್ಯುತ್ತ ನೊರೆ ಬರಿಸಬೇಕು. ಇಲ್ಲವೆ ಕೋಲಿನಿಂದ ಕಡೆಯಬೇಕು. ನೊರೆಯ ಮೇಲೆ ಸಮುದ್ರದ ನೀರನ್ನು ಚಿಮುಕಿಸಿದರೆ ಜಿಡ್ಡು ಮೇಲಕ್ಕೆ ಬಂದು ನಿಲ್ಲುತ್ತದೆ. ಅದನ್ನು ಬೇರೊಂದು ಮಣ್ಣಿನ ಪಾತ್ರೆಗೆ ತೆಗೆದು, ಜಿಡ್ಡು ಬರುವುದು ನಿಲ್ಲುವವರೆಗೂ ಹೀಗೆಯೇ ಮಾಡುತ್ತ ಹೋಗಬೇಕು. ಕೂಡಿದ ಜಿಡ್ಡನ್ನು ಕೈಯಿಂದ ನಾದಿ, ಕಸ ಕಂಡಲ್ಲಿ ತೆಗೆದು, ಹೊಸ ನೀರು ಹೊಯ್ದು ತೊಳೆಯುತ್ತಿರಬೇಕು. ನಾಲಗೆಗೆ ಮುಟ್ಟಿಸಿದರೆ ಚುರುಕೆನ್ನದೆ ಸ್ವಲ್ಪ ಒಗರಾಗಿದ್ದು, ಕಣ್ಣಿಗೆ ಬಿಳುಪಾಗಿ ಕಂಡಾಗ ಕೆಲಸ ಮುಗಿಯಿತು.

ವ್ಯಾಪಾರಿಗಳು ಇದಕ್ಕೆ ಮೇಣವನ್ನೂ ಕೊಬ್ಬನ್ನೂ ಬೆರಸಿ ಮಾರುತ್ತಾರೆಂಬ ಎಚ್ಚರಿಕೆಯೂ ಅಲ್ಲಿಯೇ ಉಂಟು. ಒಳ್ಳೆಯದು ನುಣುಪಾಗಿರುತ್ತದೆ, ತೊಳೆಯದ ಉಣ್ಣೆಯ ವಾಸನೆ ಅದಕ್ಕಿರುತ್ತದೆ, ತಣ್ಣೀರು ಹಾಕಿ ಚಿಪ್ಪಿನಲ್ಲಿ ಉಜ್ಜಿದರೆ ಬೆಳ್ಳಗಾಗುತ್ತದೆ ಎಂದು ಅವನು ಪರೀಕ್ಷೆಯನ್ನು ಹೇಳಿದ್ದಾನೆ. ಈ ಕೊನೆಯ ಮಾತು ಗಮನಾರ್ಹವಾದುದು. ಜಿಡ್ಡು ನೀರನ್ನು ಹೀರಿ ಬೆಳ್ಳಗಾಗುವ ಗುಣವನ್ನು ಪ್ರಾಚೀನರು ಕಣ್ಣಾರೆ ಕಂಡಿದ್ದರೆಂಬುದಕ್ಕೆ ಅದು ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಜರ್ಮನರು ಹೊಸದೆಂದು ಸಾರಿದ ಗುಣವೂ ಇದೇ.

ಇಲ್ಲಿ ನಮ್ಮ ವೈದ್ಯರ ಶತಧೌತಘೃತವು ನೆನಪಿಗೆ ಬರುವುದು ಸಹಜ. ಹಸುವಿನ ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಸಲ ನೀರಿನಿಂದ ತೊಳೆದರೆ ತುಪ್ಪದ ಬಣ್ಣವೂ ವಾಸನೆಯೂ ಹೋಗಿ ಬೆಣ್ಣೆಗಿಂತ ನುಣುಪಾದ ಬಿಳಿಯ ಲೇಪನವಾಗುತ್ತದೆ. ಉರಿಗೂ ಸುಟ್ಟಗಾಯಕ್ಕೂ ಅದನ್ನು ಹಚ್ಚುತ್ತಾರೆ. ಚರಕಸಂಹಿತೆಯಲ್ಲಿಯೇ ಅದರ ಉಲ್ಲೇಖವಿದೆ. ಎರಡಕ್ಕೂ ಸಂಬಂಧವಿತ್ತೆಂದು ಹೇಳಲು ಆಧಾರವಿಲ್ಲ. ಸ್ನೇಹದ್ರವ್ಯವನ್ನು ನೀರಿನಿಂದ ಮತ್ತೆ ಮತ್ತೆ ತೊಳೆದರೆ ಚರ್ಮಕ್ಕೆ ಹಿತವಾಗುತ್ತದೆ ಎಂಬ ಅನುಭವ ಮಾತ್ರ ಎರಡು ಕಡೆಗೂ ಸಮಾನ.

ರೋಮಿನ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯಲ್ಲಿ ಕುರಿಯ ಮೈಯ ಈ ಕೊಳೆಗೆ ಲೆಕ್ಕವಿಲ್ಲದಷ್ಟು ಉಪಯೋಗಗಳಿವೆಯೆಂದು ಬರೆದು, ಅಥೆನ್ಸಿನ ಸುತ್ತಣ ನಾಡಿನ ಕುರಿಗಳದನ್ನು ಶ್ರೇಷ್ಠವೆಂದು ಎಣಿಸಿದನು. ಹುಣ್ಣು, ಮೂಲವ್ಯಾಧಿ, ಕಣ್ಣಿನ ಉರಿ ಎಲ್ಲಕ್ಕೂ ಅದನ್ನು ಹೇಳಿದ್ದಾರೆ. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಬರಿಯ ನಂಬಿಕೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿಲ್ಲ. ಶ್ರೀಮಂತರ ಮನೆಯ ಹೆಂಗಸರು ಮುಖಕ್ಕೆ ಅದನ್ನು ಹಚ್ಚಿಕೊಳ್ಳುತ್ತಿದ್ದರು. ಕವಿಯಾದ ಒವಿಡನು ಅಥೆನ್ಸಿನಿಂದಲೇ ತರಿಸಿದ್ದರೂ ಅದು ನಾರುವುದೆಂದು ಹಾಸ್ಯಮಾಡಿ, ಇಂಥ ಡಬ್ಬಿಗಳು ಪ್ರಿಯನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದು ಸ್ತ್ರೀಯರಿಗೆ ಬುದ್ಧಿ ಹೇಳಿದನು. ಅಂತೂ ಆ ಕಾಲದವರಿಗೆ ಈ ಜಿಡ್ಡಿನ ವಿಷಯದಲ್ಲಿದ್ದ ಆಕ್ಷೇಪಣೆ ಅದರ ನಾತವೊಂದೇ. ಅದರಿಂದ ಚರ್ಮಕ್ಕೆ ಕೇಡಾದೀತೆಂಬ ಶಂಕೆ ಅವರಲ್ಲಿ ಕಾಣುವುದಿಲ್ಲ.

ಆ ನಾತವೇ ಮುಂದೆ ಅದನ್ನು ಮೂಲೆಗೆ ತಳ್ಳಿತು. ಔಷಧಿಗಳ ಪಟ್ಟಿಯಲ್ಲಿ ಈಸಿಪಂ ಎಂಬ ಹೆಸರು ಬಹುಕಾಲ ಉಳಿದುಕೊಂಡು ಬಂದರೂ ಮುಲಾಮು ಮಾಡುವವರು ಕೈಗೆತ್ತಿಕೊಂಡುದು ಹಂದಿಯ ಕೊಬ್ಬನ್ನು. ಅದು ಎಲ್ಲೆಲ್ಲಿಯೂ ದೊರೆಯುತ್ತಿತ್ತು, ಬೆಳ್ಳಗಿತ್ತು, ಮೃದುವಾಗಿತ್ತು. ಕೆಲವು ವಾರಗಳಲ್ಲಿ ಕಮಟುವುದೊಂದು ದೋಷ. ಕಮಟಿದ ಕೊಬ್ಬು ಚರ್ಮವನ್ನು ಉರಿಸುತ್ತದೆ.

ಇತ್ತ ಉಣ್ಣೆಯ ಗಿರಣಿಗಳು ಬೆಳೆದವು. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬ್ರಾಡ್‌ಫರ್ಡ್ ನಗರವು ಹತ್ತೊಂಬತ್ತನೆಯ ಶತಮಾನದಲ್ಲಿ ಉಣ್ಣೆಯ ವ್ಯಾಪಾರಕ್ಕೆ ರಾಜಧಾನಿಯಂತಾಯಿತು. ದೇಶವಿದೇಶಗಳ ತುಪ್ಪಟವನ್ನು ಅಲ್ಲಿ ಸಾಬೂನು ಮತ್ತು ಕ್ಷಾರಗಳಿಂದ ತೊಳೆಯುತ್ತಿದ್ದರು. ತೊಳೆದ ನೀರು ಜಿಡ್ಡಿನ ಸಮೇತ ಹಳ್ಳಕ್ಕೆ ಹರಿಯುತ್ತಿತ್ತು. ಊರ ನೀರೆಲ್ಲ ಹೊಲಸಾಯಿತು. ಕೊನೆಗೆ ನಗರಸಭೆಯವರು ಎಷೋಲ್ಟ್ ಎಂಬಲ್ಲಿ ಚರಂಡಿಯ ನೀರನ್ನು ಶುದ್ಧಮಾಡುವ ದೊಡ್ಡ ಕಾರ್ಯಾಗಾರವನ್ನು ಕಟ್ಟಿ, ನೀರಿಗೆ ಗಂಧಕಾಮ್ಲವನ್ನು ಸೇರಿಸಿ ಜಿಡ್ಡನ್ನು ಒಡೆದು ತೆಗೆದು ಮಾರಬೇಕಾಯಿತು. ಡಯಾಸ್ಕೊರಿಡೀಸನ ಕಾಲದಲ್ಲಿ ಬಿಸಿಲಿನಲ್ಲಿ ನಿಂತು ಕೈಯಾರೆ ಕಡೆದು ತೆಗೆದ ವಸ್ತುವು ಈಗ ಯಾರಿಗೂ ಬೇಡದ ಕೊಳಚೆಯಾಗಿ ನದಿಯ ಪಾಲಾಗುತ್ತಿತ್ತು.

ಅದನ್ನು ಮತ್ತೆ ಔಷಧದ ಅಂಗಡಿಗೆ ತಂದವರು ಜರ್ಮನರು. ೧೮೭೦ರ ದಶಕದ ಆರಂಭದಲ್ಲಿ ಷುಲ್ಟ್ಸೆ ಎಂಬ ರಸಾಯನಜ್ಞರು ಈ ಜಿಡ್ಡಿನ ಘಟಕಗಳನ್ನು ಶೋಧಿಸಿ, ಇದರಲ್ಲಿ ಕೊಲೆಸ್ಟರಾಲೂ ಅದನ್ನೇ ಹೋಲುವ ಮತ್ತೊಂದು ದ್ರವ್ಯವೂ ಇವೆಯೆಂದು ತೋರಿಸಿದ್ದರು. ೧೮೮೨ರಲ್ಲಿ ಓಟೊ ಬ್ರೌನ್ ಮತ್ತು ಓಸ್ಕರ್ ಲೀಬ್ರೈಖ್ ಎಂಬಿಬ್ಬರು ಶುದ್ಧೀಕರಣದ ವಿಧಾನಕ್ಕೆ ಪೇಟೆಂಟು ಪಡೆದರು. ಲೀಬ್ರೈಖರು ಬರ್ಲಿನ್ನಿನಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರು. ೧೮೬೯ರಲ್ಲಿ ಕ್ಲೋರಲ್ ಹೈಡ್ರೇಟ್ ಎಂಬ ವಸ್ತುವು ನಿದ್ರೆ ತರಿಸುತ್ತದೆಯೆಂದು ಕಂಡುಹಿಡಿದು ಆಗಲೇ ಹೆಸರುವಾಸಿಯಾಗಿದ್ದರು. ಉಣ್ಣೆ ತೊಳೆದ ಹಾಲಿನಂಥ ನೀರನ್ನು ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ, ಹಾಲಿನಿಂದ ಕೆನೆಯನ್ನು ಬೇರೆಮಾಡುವಂತೆಯೇ ಜಿಡ್ಡನ್ನು ಬೇರೆಮಾಡಿ, ಅದರೊಳಗಿನ ಆಮ್ಲಗಳನ್ನೂ ಸಾಬೂನನ್ನೂ ತೆಗೆದುಹಾಕುವುದು ಅವರ ಕ್ರಮದ ಸಾರ. ಸಮುದ್ರದ ನೀರು ಮತ್ತು ಕೋಲು ಮಾಡುತ್ತಿದ್ದ ಕೆಲಸವನ್ನೇ ಯಂತ್ರವೂ ಮಾಡಿತು. ಆದರೆ ಯಂತ್ರದಿಂದ ಹೊರಬಂದುದು ನಾರಲಿಲ್ಲ. ಯಾಫೆ ಮತ್ತು ಡಾರ್ಮ್‌ಷ್ಟೆಟರ್ ಎಂಬವರ ಕಾರ್ಖಾನೆ ಅದನ್ನು ತಯಾರಿಸಿ ಲ್ಯಾನೊಲಿನ್ ಎಂಬ ಹೆಸರಿನಲ್ಲಿ ಮಾರಿತು.

೧೮೮೫ರಲ್ಲಿ ಲೀಬ್ರೈಖರು ಬರ್ಲಿನ್ನಿನ ವೈದ್ಯರ ಮುಂದೆ ಇದನ್ನು ಮುಲಾಮುಗಳಿಗೆ ಹೊಸ ಆಧಾರದ್ರವ್ಯವೆಂದು ಪ್ರತಿಪಾದಿಸಿದರು. ಹಂದಿಯ ಕೊಬ್ಬಿನ ದೋಷ ಮೇಲೆಯೇ ಹೇಳಿದೆ. ೧೮೭೨ರಲ್ಲಿ ಅಮೆರಿಕೆಯಲ್ಲಿ ಪೇಟೆಂಟು ಪಡೆದ ವ್ಯಾಸಲೀನು ಕಮಟುವುದಿಲ್ಲ, ದಿಟ. ಆದರೆ ಅದು ನೀರಿನೊಡನೆ ಕಲೆಯದು. ಲ್ಯಾನೊಲಿನ್ನಿನಲ್ಲಿ ಎರಡು ಗುಣಗಳೂ ಸೇರಿದ್ದುವು. ಮನುಷ್ಯನ ಚರ್ಮದಲ್ಲಿಯೂ ಕೊಲೆಸ್ಟರಾಲಿನ ಸ್ನೇಹದ್ರವ್ಯಗಳುಂಟು, ಆದಕಾರಣ ಇದು ಚರ್ಮಕ್ಕೆ ಪರಕೀಯವಲ್ಲ ಎಂಬುದೂ ಅವರ ವಾದ. ಅವರು ಅದನ್ನು ಸ್ವಲ್ಪ ಹಿಗ್ಗಿಸಿಯೇ ಹೇಳಿದರು. ಆದರೂ ಬುಡವಿಲ್ಲದ ಮಾತೇನೂ ಅದಲ್ಲ. ಹೊರಚರ್ಮದ ಒಣಪದರವನ್ನು ಗಾರೆಯಂತೆ ಬೆಸೆದು ನೀರು ಆವಿಯಾಗದಂತೆ ಕಾಯುವ ಮೂರು ಮುಖ್ಯ ದ್ರವ್ಯಗಳಲ್ಲಿ ಕೊಲೆಸ್ಟರಾಲೂ ಒಂದು ಎಂಬುದು ಈಗ ಸಿದ್ಧವಾಗಿದೆ. ೧೮೯೮ರ ಬ್ರಿಟಿಷ್ ಔಷಧಕೋಶದಲ್ಲಿ ಉಣ್ಣೆಯ ಜಿಡ್ಡು ‘ಆಡೆಪ್ಸ್ ಲಾನೆ’ ಎಂಬ ಲ್ಯಾಟಿನ್ ಹೆಸರಿನಿಂದ ಸ್ಥಾನ ಪಡೆಯಿತು.

ಮುಂದಿನ ಹೆಜ್ಜೆಯನ್ನಿಟ್ಟವರು ಐಸಾಕ್ ಲಿಫ್‌ಷುಟ್ಸ್ ಎಂಬ ರಸಾಯನಜ್ಞರು. ಜಿಡ್ಡಿನಲ್ಲಿ ನೀರನ್ನು ಹಿಡಿಯುವ ಶಕ್ತಿ ಇರುವುದು ಅದರೊಳಗಿನ ಆಲ್ಕೊಹಾಲುಗಳೆಂಬ ಭಾಗದಲ್ಲಿ ಎಂದು ಅವರು ಕಂಡುಕೊಂಡು ಆ ಭಾಗವನ್ನೇ ಪ್ರತ್ಯೇಕಿಸಿದರು. (ಇವು ಕುಡಿಯುವ ಮದ್ಯವಲ್ಲ, ಕೊಲೆಸ್ಟರಾಲೂ ಈ ವರ್ಗಕ್ಕೆ ಸೇರಿದ ಮೇಣದಂಥ ವಸ್ತುವೇ.) ಹ್ಯಾಂಬರ್ಗಿನ ಪ್ರಖ್ಯಾತ ಚರ್ಮವೈದ್ಯರಾದ ಪೌಲ್ ಗೆರ್ಸನ್ ಊನಾ ಅವರು ಇದರ ಬೆಲೆಯನ್ನರಿತು, ಬೈಯರ್ಸ್‌ಡಾರ್ಫ್ ಕಂಪೆನಿಯ ಒಡೆಯರಾಗಿದ್ದ ಓಸ್ಕರ್ ಟ್ರೊಪ್ಲೊವಿಟ್ಸರ ಗಮನಕ್ಕೆ ತಂದರು. ಆ ಆಲ್ಕೊಹಾಲುಗಳಿಂದ ಎಣ್ಣೆಯನ್ನೂ ನೀರನ್ನೂ ಬೆಸೆದು, ಗ್ಲಿಸರಿನ್ನೂ ಸ್ವಲ್ಪ ನಿಂಬೆಯ ಆಮ್ಲವೂ ಹೂವಿನ ಪರಿಮಳವೂ ಸೇರಿದ ಹಿಮದಂಥ ಲೇಪನವೊಂದು ೧೯೧೧ರ ಡಿಸೆಂಬರಿನಲ್ಲಿ ಹೊರಬಂದಿತು. ಹಿಮವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಅದಕ್ಕೆ ನಿವಿಯಾ ಎಂದು ಹೆಸರಿಟ್ಟರು. ಎಷ್ಟು ದಿನ ಇಟ್ಟರೂ ನೀರು ಎಣ್ಣೆ ಬೇರ್ಪಡದ ಮುಖಲೇಪನವನ್ನು ಸಾಮಾನ್ಯರು ಕೊಳ್ಳಬಹುದಾದ ಬೆಲೆಗೆ ಮಾರುವುದು ಆಗ ಸಾಧ್ಯವಾಯಿತು. ೧೯೨೫ರಿಂದ ಅದು ನೀಲಿಯ ಡಬ್ಬಿಯಲ್ಲಿ ಬರತೊಡಗಿತು.

ಲಿಫ್‌ಷುಟ್ಸ್, ಊನಾ, ಟ್ರೊಪ್ಲೊವಿಟ್ಸ್ ಈ ಮೂವರೂ ಯಹೂದ್ಯ ಕುಲದವರು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಪ್ರತಿಸ್ಪರ್ಧಿಗಳಾದ ಕೆಲವು ವ್ಯಾಪಾರಿಗಳು, ಇದು ಯಹೂದ್ಯರ ಲೇಪನ, ಜರ್ಮನರು ಇದನ್ನು ಕೊಳ್ಳಬಾರದು ಎಂದು ಪ್ರಚಾರಕ್ಕೆ ತೊಡಗಿದರು. ಟ್ರೊಪ್ಲೊವಿಟ್ಸರು ೧೯೧೮ರಲ್ಲಿಯೇ ತೀರಿಕೊಂಡಿದ್ದರು; ಕಂಪೆನಿಯನ್ನು ನಡೆಸುತ್ತಿದ್ದ ವಿಲ್ಲಿ ಯಾಕೊಬ್ಸನ್ನರೂ ಇತರ ಯಹೂದ್ಯ ನಿರ್ದೇಶಕರೂ ಪದವಿಗಳನ್ನು ಬಿಡಬೇಕಾಯಿತು. ಯಾಕೊಬ್ಸನ್ನರು ಆಮ್ಸ್‌ಟರ್‌ಡ್ಯಾಮಿಗೂ ಅಲ್ಲಿಂದ ೧೯೩೮ರಲ್ಲಿ ಅಮೆರಿಕೆಗೂ ಹೋದರು. ಡಬ್ಬಿಯ ಬಣ್ಣವೂ ಒಳಗಿನ ವಸ್ತುವೂ ಹಾಗೆಯೇ ಉಳಿದವು. ಪದಾರ್ಥವನ್ನು ಬಿಟ್ಟು ಅದನ್ನು ಮಾಡಿದವರ ರಕ್ತವನ್ನು ಪರೀಕ್ಷಿಸಹೊರಟ ಆ ಕಾಲದ ಬುದ್ಧಿಗೆ ಏನು ಹೆಸರಿಡಬೇಕೋ ತಿಳಿಯದು.

ಅದೇ ಕಾಲದಲ್ಲಿ ಜರ್ಮನಿಯನ್ನು ಬಿಡಬೇಕಾದವರಲ್ಲಿ ಕೊನ್ರಾಡ್ ಬ್ಲಾಖ್ ಎಂಬ ತರುಣರೊಬ್ಬರಿದ್ದರು. ಉಣ್ಣೆಯ ಜಿಡ್ಡಿನಲ್ಲಿ ಮೊದಲು ಕಂಡ ಲ್ಯಾನೊಸ್ಟರಾಲ್ ಎಂಬ ದ್ರವ್ಯವು ಕೊಲೆಸ್ಟರಾಲ್ ಹುಟ್ಟುವ ದಾರಿಯಲ್ಲಿನ ಒಂದು ಮೆಟ್ಟಿಲು, ಮನುಷ್ಯನ ದೇಹವೂ ಇದೇ ಮೆಟ್ಟಿಲನ್ನು ಹತ್ತುತ್ತದೆ, ಎಂದು ಅವರ ಸಂಶೋಧನೆಯಿಂದ ತಿಳಿಯಿತು. ೧೯೬೪ರಲ್ಲಿ ಅವರಿಗೆ ಫಿಯೊಡೊರ್ ಲ್ಯೂನೆನ್ನರೊಡನೆ ನೊಬೆಲ್ ಬಹುಮಾನ ಸಂದಿತು.

ಈ ಜಿಡ್ಡು ಚರ್ಮದ ಮೇಲಿನಿಂದ ಹೊಟ್ಟೆಯೊಳಕ್ಕೂ ಪ್ರವೇಶಿಸಿದೆಯೆಂಬುದನ್ನು ಅನೇಕರು ಅರಿಯರು. ಇದರಿಂದ ಕೊಲೆಸ್ಟರಾಲನ್ನು ತೆಗೆದು, ಸ್ವಲ್ಪ ಮಾರ್ಪಡಿಸಿ, ಅದರ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿದರೆ ಡಿ೩ ಎಂಬ ಜೀವಸತ್ವವಾಗುತ್ತದೆ. ಬಿಸಿಲಿಗೆ ಮೈಯೊಡ್ಡಿದಾಗ ನಮ್ಮ ಚರ್ಮದಲ್ಲಿ ನಡೆಯುವ ಕ್ರಿಯೆಯೇ ಇದು. ಜಗತ್ತಿನಲ್ಲಿ ಮಾರಾಟವಾಗುವ ಡಿ೩ ಬಹುಪಾಲು ಉಣ್ಣೆಯ ಜಿಡ್ಡಿನಿಂದಲೇ ಆದುದು. ವೈದ್ಯರು ಬರೆದುಕೊಟ್ಟಾಗ ವಾರಕ್ಕೊಮ್ಮೆ ಹಾಲಿನಲ್ಲಿ ಕದಡಿ ಕುಡಿಯುವ ಪುಡಿಗೂ ಸಾಮಾನ್ಯವಾಗಿ ಮೂಲ ಅದೇ. ಉಣ್ಣೆ ಕತ್ತರಿಸಿದರೆ ಕುರಿ ಸಾಯುವುದಿಲ್ಲವಾದ್ದರಿಂದ ಹಾಲಿನಂತೆ ಇದನ್ನೂ ಒಪ್ಪುವ ಶಾಕಾಹಾರಿಗಳುಂಟು. ಕೊಂದ ಕುರಿಯ ತೊಗಲಿನಿಂದ ಬಿಡಿಸಿದ ಉಣ್ಣೆಯನ್ನೂ ತೊಳೆಯುವುದುಂಟೆಂದು ಸಂದೇಹಪಡುವವರೂ ಉಂಟು. ಅಂಥವರಿಗಾಗಿ ಕಲ್ಲುಹೂವಿನಿಂದ ತೆಗೆದ ಡಿ೩ ಈಚೆಗೆ ದೊರೆಯುತ್ತಿದೆ.

ಇನ್ನು ಕೇಡಿನ ವಿಚಾರ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ, ಲ್ಯಾನೊಲಿನ್ ಹಚ್ಚಿದ ಕಡೆ ಕೆಲವರಿಗೆ ಕೆಂಪಾಗಿ ನವೆಯೆದ್ದು ಸಣ್ಣ ಗುಳ್ಳೆಗಳಾಗುವುದನ್ನು ಚರ್ಮವೈದ್ಯರು ಕಂಡರು. ಹತ್ತರಲ್ಲೆಲ್ಲ ಒಬ್ಬರಿಗೆ ಆಗುವ ಸಾಮಾನ್ಯ ಉರಿ ಇದಲ್ಲ. ಒಮ್ಮೆ ಒಗ್ಗದೆಹೋದ ಚರ್ಮವು ಆ ವಸ್ತುವನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ತಿರುಗಿಬೀಳುವ ಅಲರ್ಜಿ. ವಸ್ತುವನ್ನು ಬೆನ್ನಿನ ಮೇಲೆ ಪಟ್ಟಿ ಕಟ್ಟಿ ಎರಡು ದಿನ ಬಿಟ್ಟು ನೋಡುವುದು ಇದರ ಪರೀಕ್ಷೆ. ೧೯೫೩ರಲ್ಲಿ ಅಮೆರಿಕೆಯ ಸುಲ್ಜ್‌ಬರ್ಗರ್ ಮತ್ತು ಅವರ ಸಹೋದ್ಯೋಗಿಗಳು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಪರೀಕ್ಷಿಸಿದಾಗ ಸುಮಾರು ನೂರಕ್ಕೆ ಒಬ್ಬರಲ್ಲಿ ಅಲರ್ಜಿ ಕಂಡಿತು. ಆ ಮೇಲಣ ವರ್ಷಗಳಲ್ಲಿ ಲ್ಯಾನೊಲಿನ್ ಎಂಬ ಹೆಸರು ಅನೇಕರಿಗೆ ಭಯದ ಶಬ್ದವಾಯಿತು. ‘ಲ್ಯಾನೊಲಿನ್ ಇಲ್ಲದುದು’ ಎಂದು ಡಬ್ಬಿಗಳ ಮೇಲೆ ಅಚ್ಚುಹಾಕುವವರೆಗೂ ಅದು ಬೆಳೆಯಿತು.

ಇದಕ್ಕೆ ಪ್ರತಿವಾದವೂ ಬಂದಿತು. ಪರೀಕ್ಷೆಗೆ ಒಳಗಾದವರೆಲ್ಲ ಚರ್ಮರೋಗದ ಆಸ್ಪತ್ರೆಗೆ ಬಂದವರು. ಅವರ ಲೆಕ್ಕವನ್ನು ಊರಿಗೆಲ್ಲ ಅನ್ವಯಿಸುವುದು ನ್ಯಾಯವೆ? ಕ್ಲಾರ್ಕ್ ಎಂಬವರು ೧೯೭೫ರಲ್ಲಿ ಇಡೀ ಜನಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡರೆ ಹತ್ತು ಲಕ್ಷದಲ್ಲಿ ಹತ್ತು ಮಂದಿಗೂ ಈ ಅಲರ್ಜಿಯಿರದೆಂದು ಲೆಕ್ಕಹಾಕಿದರು. ಅವರು ಲ್ಯಾನೊಲಿನ್ ಉದ್ಯಮಕ್ಕೆ ಸೇರಿದ ರಸಾಯನಜ್ಞರೆಂಬುದನ್ನು ಓದುವವರು ಮರೆಯಬಾರದು. ಆದರೂ ಅವರೂ ಕ್ರೋನಿನ್, ವಿಲ್ಕಿನ್ಸನ್ ಎಂಬ ವೈದ್ಯರೂ ಕೂಡಿ ೧೯೭೭ರಲ್ಲಿ ಪ್ರಕಟಿಸಿದ ಕೆಲಸ ಬಹಳ ಬೆಲೆಯುಳ್ಳದ್ದು. ಜಿಡ್ಡಿನಲ್ಲಿ ಬಿಡಿಯಾಗಿ ಉಳಿದ ಆಲ್ಕೊಹಾಲುಗಳನ್ನೂ, ಉಣ್ಣೆ ತೊಳೆಯಲು ಬಳಸಿದ ಮಾರ್ಜಕದ ಶೇಷವನ್ನೂ ತೆಗೆದುಹಾಕಿದರೆ, ಮೊದಲು ಅಲರ್ಜಿ ತೋರಿದವರಲ್ಲಿ ಹೆಚ್ಚಿನವರು ಅದೇ ಲ್ಯಾನೊಲಿನ್ನನ್ನು ಸಹಿಸಿದರು. ಕೊಳೆಯ ಜೊತೆಗೆ ಕೊಳೆ ತೊಳೆದ ಸಾಬೂನೂ ತಪ್ಪಿತಸ್ಥನಾಯಿತೆಂದಾಯಿತು. ಅದಕ್ಕಿಂತ ವಿಚಿತ್ರವೆಂದರೆ, ಲಿಫ್‌ಷುಟ್ಸರು ಜಿಡ್ಡಿನ ಸಾರವೆಂದು ಪ್ರತ್ಯೇಕಿಸಿದ ಆಲ್ಕೊಹಾಲುಗಳಲ್ಲಿಯೇ ಅಲರ್ಜಿಯ ಬೀಜವೂ ಮುಖ್ಯವಾಗಿ ಅಡಗಿತ್ತು. ಯಾವುದರಿಂದ ಆ ಲೇಪನಕ್ಕೆ ಬೆಲೆ ಬಂದಿತೋ ಅದೇ ಕೆಲವರ ಚರ್ಮಕ್ಕೆ ಆಗದು.

ಫಿಲಡೆಲ್ಫಿಯದ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ೧೯೮೩ರಲ್ಲಿಯೂ ಮತ್ತೆ ೧೯೯೮ರಲ್ಲಿಯೂ ಈ ಅಲರ್ಜಿಯ ಭಯವೆಲ್ಲ ಬರಿಯ ಗುಲ್ಲೆಂದು ಹಾಸ್ಯದ ಧಾಟಿಯಲ್ಲಿ ಬರೆದರು. ಅವರ ವಾದದಲ್ಲಿ ಹುರುಳಿತ್ತು. ಆದರೆ ಹೋಮ್ಸ್‌ಬರ್ಗ್ ಸೆರೆಮನೆಯ ಬಂದಿಗಳ ಮೈಮೇಲೆ ೧೯೭೪ರವರೆಗೂ ಬಗೆಬಗೆಯ ದ್ರವ್ಯಗಳನ್ನು ಪ್ರಯೋಗಿಸಿದವರೂ ಅವರೇ. ಚರ್ಮಕ್ಕೆ ಹಚ್ಚುವ ವಸ್ತುಗಳ ಸುರಕ್ಷತೆಯನ್ನು ಕುರಿತು ಜಗತ್ತಿಗೆ ತಿಳಿದಿರುವುದರಲ್ಲಿ ಎಷ್ಟೋ ಭಾಗ ಇಂಥ ಬೆನ್ನುಗಳ ಮೇಲೆ ಬರೆದುದು.

೧೯೯೬ರಲ್ಲಿ ವೋಲ್ಫ್ ಎಂಬವರು ‘ಲ್ಯಾನೊಲಿನ್ನಿನ ವಿರೋಧಾಭಾಸ’ವೆಂಬ ಹೆಸರಿನಿಂದ ಬರೆದ ಲೇಖನವು ಎರಡು ಪಕ್ಷದವರೂ ಒಂದೊಂದು ಮಗ್ಗುಲನ್ನೇ ನೋಡುತ್ತಿದ್ದರೆಂದು ತೋರಿಸಿತು. ಕಾಲಿನ ರಕ್ತನಾಳಗಳು ಕೆಟ್ಟು ಬಹುಕಾಲ ಮಾಯದ ಹುಣ್ಣಿರುವ ಮುದುಕರು ಹುಣ್ಣಿಗೆ ಲ್ಯಾನೊಲಿನ್ ಮುಲಾಮು ಹಚ್ಚಿದರೆ ಅಲರ್ಜಿಗೆ ಒಳಗಾಗುವುದು ಹೆಚ್ಚು. ಅವರೇ ಅದೇ ವಸ್ತುವಿರುವ ಲೇಪನವನ್ನು ಮುಖಕ್ಕೆ ಹಚ್ಚಿಕೊಂಡರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಬೆನ್ನಿನ ಪಟ್ಟಿಪರೀಕ್ಷೆಯಲ್ಲಿ ಏನೂ ಕಾಣದವರ ಒಡೆದ ಚರ್ಮದಲ್ಲಿ ನವೆಯೇಳುವುದುಂಟು. ಗಟ್ಟಿಯಾಗಿ ಮುಚ್ಚಿದ ಚರ್ಮ ಒಂದು, ಬಾಗಿಲು ತೆರೆದ ಚರ್ಮ ಇನ್ನೊಂದು. ಪದಾರ್ಥವೊಂದೇ ಆದರೂ ಎರಡರ ನಡವಳಿಕೆ ಬೇರೆ. ಇಸಬಿನ ಮಕ್ಕಳ ವಿಷಯದಲ್ಲಿಯೂ ಹೀಗೆಯೇ ಎಚ್ಚರ ಬೇಕಾಗುತ್ತದೆ. ಅಮೆರಿಕೆಯ ಸ್ಪರ್ಶಚರ್ಮರೋಗ ತಜ್ಞರ ಸಂಘವು ಪ್ರತಿ ವರ್ಷವೂ ವೈದ್ಯರ ಗಮನಕ್ಕೆ ತರಬೇಕಾದ ಒಂದು ಅಲರ್ಜಿಕಾರಕವನ್ನು ಹೆಸರಿಸುತ್ತದೆ. ೨೦೨೩ಕ್ಕೆ ಅದು ಆರಿಸಿದುದು ಲ್ಯಾನೊಲಿನ್ನನ್ನು.

ಈ ವಾದವಿವಾದ ನಡೆಯುತ್ತಿದ್ದ ಕಾಲದಲ್ಲಿಯೇ ಬೇರೊಂದು ದಿಕ್ಕಿನಿಂದ ಬೇರೆಯ ಕೇಡು ಹೊರಬಿತ್ತು. ಕುರಿಗಳಿಗೆ ಕಜ್ಜಿ ಹತ್ತದಂತೆ ಅವುಗಳನ್ನು ಔಷಧದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವುದು ದೊಡ್ಡ ಕುರಿಸಾಕಣೆಯ ದೇಶಗಳ ಪದ್ಧತಿ. ೧೮೫೨ರಲ್ಲಿ ಇಂಗ್ಲೆಂಡಿನ ವಿಲಿಯಂ ಕೂಪರ್ ಎಂಬ ಪಶುವೈದ್ಯರು ಪಾಷಾಣ ಮತ್ತು ಗಂಧಕದ ಪುಡಿಯನ್ನು ಇದಕ್ಕಾಗಿ ತಯಾರಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಅದರ ಸ್ಥಾನಕ್ಕೆ ಡಿಡಿಟಿಯ ಜಾತಿಯ ಕ್ರಿಮಿನಾಶಕಗಳೂ, ಆಮೇಲೆ ಡಯಾಜಿನಾನ್ ಮುಂತಾದ ರಂಜಕದ ಸಂಯುಕ್ತಗಳೂ ಬಂದವು. ಇವು ಕೊಬ್ಬಿನಲ್ಲಿ ಕರಗುವಂಥವು. ತೊಟ್ಟಿಯ ವಿಷವು ಉಣ್ಣೆಯ ಜಿಡ್ಡಿನಲ್ಲಿ ಕರಗಿ, ಉಣ್ಣೆ ತೊಳೆದಾಗ ಜಿಡ್ಡಿನೊಡನೆಯೇ ಹೊರಬಂದು, ಶುದ್ಧೀಕರಣದ ಹಳೆಯ ಕ್ರಮಗಳೆಲ್ಲವನ್ನೂ ದಾಟಿ ಡಬ್ಬಿಯನ್ನು ಸೇರಿತು. ೧೯೮೮ರಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತದವರು ಪರೀಕ್ಷಿಸಿದ ಲ್ಯಾನೊಲಿನ್ನಿನಲ್ಲಿ ಹದಿನಾರು ಬಗೆಯ ಕ್ರಿಮಿನಾಶಕಗಳು ಕಂಡವು. ಪ್ರಮಾಣ ಸ್ವಲ್ಪವೇ. ಆದರೆ ಅದೇ ಲ್ಯಾನೊಲಿನ್ನನ್ನು ಬಾಣಂತಿಯರು ಒಡೆದ ಮೊಲೆತೊಟ್ಟಿಗೆ ಹಚ್ಚಿಕೊಂಡು ಕೂಸಿಗೆ ಹಾಲೂಡಿಸುತ್ತಿದ್ದರು. ಹಚ್ಚಿದುದು ಕೂಸಿನ ಹೊಟ್ಟೆಗೇ ಹೋಗುವುದು.

ಕುರಿಯನ್ನು ಹಿಡಿದು ತೊಟ್ಟಿಯಲ್ಲಿ ಮುಳುಗಿಸುತ್ತಿದ್ದವನ ಮೈಗೆ ಆದ ವಿಷದ ಸೋಂಕು ಡಬ್ಬಿಯಲ್ಲಿ ಉಳಿದ ಅಂಶಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಬ್ರಿಟನ್ನಿನಲ್ಲಿ ಈ ಮುಳುಗಿಸುವಿಕೆಯನ್ನು ಕಾನೂನಿನಿಂದ ಕಡ್ಡಾಯಮಾಡಿದ್ದರು. ೧೯೯೨ರಲ್ಲಿ ಕಡ್ಡಾಯ ತಪ್ಪಿತು. ಅದರಿಂದ ನರಗಳ ಶಕ್ತಿಯೇ ಹೋಯಿತೆಂದು ಅಲ್ಲಿನ ಕುರಿಗಾರರು ದೀರ್ಘಕಾಲ ದೂರುತ್ತ ಬಂದರು. ಮುಖಲೇಪನದ ಚರ್ಚೆಯಲ್ಲಿ ಅವರ ಮಾತನ್ನು ಎತ್ತಿದವರು ವಿರಳ.

ಅಮೆರಿಕೆಯ ಔಷಧಕೋಶವು ತರುವಾಯ ಲ್ಯಾನೊಲಿನ್ನಿಗೆ ಎರಡು ಮಟ್ಟಗಳನ್ನು ಗೊತ್ತುಮಾಡಿತು. ಸಾಮಾನ್ಯವಾದುದರಲ್ಲಿ ಎಲ್ಲ ಕ್ರಿಮಿನಾಶಕಗಳೂ ಕೂಡಿ ಹತ್ತು ಲಕ್ಷಕ್ಕೆ ೪೦ ಭಾಗವನ್ನು ಮೀರಬಾರದು. ವಿಶೇಷವಾಗಿ ಶುದ್ಧಗೊಳಿಸಿದುದರಲ್ಲಿ ೩ ಭಾಗವನ್ನು ಮೀರಬಾರದು, ಯಾವೊಂದೂ ಪ್ರತ್ಯೇಕವಾಗಿ ೧ ಭಾಗವನ್ನು ಮೀರಬಾರದು. ಈ ಎರಡನೆಯ ಮಟ್ಟದಲ್ಲಿ ಬಿಡಿ ಆಲ್ಕೊಹಾಲುಗಳಿಗೂ ಮಾರ್ಜಕದ ಶೇಷಕ್ಕೂ ಮಿತಿಯುಂಟು. ಬಾಣಂತಿಯರಿಗೆಂದು ಮಾರುವ, ಬೇರೇನೂ ಬೆರೆಯದ ಹಳದಿಯ ಜಿಡ್ಡು ಸಾಮಾನ್ಯವಾಗಿ ಇಂಥ ಶುದ್ಧಿಯುಳ್ಳದ್ದು. ಅದರಿಂದ ನಿಜವಾಗಿ ಎಷ್ಟು ಉಪಶಮನವೆಂಬುದು ಬೇರೆಯ ಮಾತು. ಕಾಕ್ರೇನ್ ಸಂಸ್ಥೆಯವರು ೨೦೧೪ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಏನನ್ನೂ ಹಚ್ಚದಿರುವುದಕ್ಕಿಂತ ಅಥವಾ ತಾಯಿಯ ಹಾಲಿನ ಹನಿಯನ್ನೇ ಹಚ್ಚುವುದಕ್ಕಿಂತ ಲ್ಯಾನೊಲಿನ್ ಮೇಲೆಂದು ಸ್ಥಾಪಿಸಲು ಸಾಕಷ್ಟು ಪ್ರಮಾಣ ದೊರೆಯಲಿಲ್ಲ. ಹೆಚ್ಚಿನ ತಾಯಂದಿರಿಗೆ ಹೆರಿಗೆಯಾದ ಏಳರಿಂದ ಹತ್ತು ದಿನಗಳೊಳಗೆ ಏನು ಮಾಡಿದರೂ ಮಾಡದಿದ್ದರೂ ನೋವು ತಗ್ಗುತ್ತದೆ. ಆ ಹತ್ತು ದಿನ ಮಾತ್ರ ದೀರ್ಘವಾದುವೇ ಎಂದು ಹೆತ್ತವರು ಹೇಳಿಯಾರು.

ಒಣಗಿದ ತುಟಿಗೆ, ಬಿರಿದ ಹಿಮ್ಮಡಿಗೆ, ಸಾಬೂನುನೀರಿನಲ್ಲಿ ಕೆಲಸಮಾಡಿ ಒರಟಾದ ಅಂಗೈಗೆ ಶುದ್ಧವಾದ ಲ್ಯಾನೊಲಿನ್ ಇಂದಿಗೂ ಉತ್ತಮವಾದ ಲೇಪನವೇ. ಕೈ ಒದ್ದೆಯಾಗಿರುವಾಗಲೇ ತೆಳ್ಳಗೆ ಹಚ್ಚಿದರೆ ಆ ನೀರನ್ನು ಹಿಡಿದಿಡುತ್ತದೆ. ಮೊದಲ ಸಲ ಬಳಸುವವರು ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಸ್ವಲ್ಪವೇ ಹಚ್ಚಿ ನೋಡುವುದು ಒಳ್ಳೆಯದು. ಮಾಯದ ಹುಣ್ಣಿನ ಮೇಲೆ ವೈದ್ಯರನ್ನು ಕೇಳದೆ ಹಚ್ಚಲಾಗದು. ಅಲರ್ಜಿಯಿದೆಯೆಂದು ಒಮ್ಮೆ ಗೊತ್ತಾದವರು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕಾಗುತ್ತದೆ. ಅಲ್ಲಿ ಅದು ಲ್ಯಾನೊಲಿನ್ ಎಂದೇ ಇರಬಹುದು. ಆಡೆಪ್ಸ್ ಲಾನೆ, ಲ್ಯಾನೊಲಿನ್ ಆಲ್ಕೊಹಾಲ್, ವುಲ್ ಫ್ಯಾಟ್, ವುಲ್ ವ್ಯಾಕ್ಸ್ ಎಂದೂ ಇರಬಹುದು. ಮುಖಲೇಪನಗಳಲ್ಲಷ್ಟೇ ಅಲ್ಲದೆ ತುಟಿಗೆ ಹಚ್ಚುವ ಬಣ್ಣ, ಕ್ಷೌರದ ನೊರೆ, ಮಗುವಿನ ಮೈಗೆ ಹಚ್ಚುವ ಎಣ್ಣೆ, ಚರ್ಮದ ಚೀಲಕ್ಕೂ ಪಾದರಕ್ಷೆಗೂ ತಿಕ್ಕುವ ಪಾಲಿಷು, ಇವುಗಳಲ್ಲಿಯೂ ಅದು ಇರುವುದುಂಟು.